ಕೈಗೆ ಒಗ್ಗದ ಕಾರ್ಡುಗಳು

ಎಷ್ಟು ಕಲಸಿದರೂ ಕಾರ್ಡುಗಳು ಬೆರೆಯುತ್ತಿರಲಿಲ್ಲ.

ಸತ್ತವಳ ಕುರ್ಚಿಯಲ್ಲೇ ಕೂತು ಇನ್ಸ್‌ಪೆಕ್ಟರ್ ಮೂರನೇ ಸಲ ಕಟ್ಟನ್ನು ಎರಡು ಪಾಲು ಮಾಡಿ ಒಂದರೊಳಗೊಂದು ತೂರಿಸಲು ನೋಡಿದಳು. ಅರ್ಧ ಕಟ್ಟು ಇಟ್ಟಿಗೆಯ ಹಾಗೆ ಒಂದಾಗಿ ನಿಂತಿತು. ಉಳಿದರ್ಧ ಕೈ ಜಾರಿ ಮಡಿಲಿಗೆ, ಮಡಿಲಿನಿಂದ ನೆಲಕ್ಕೆ ಸುರಿಯಿತು.

"ಬಿಡಿ ಮೇಡಂ, ಇಸ್ಪೀಟು ನಿಮ್ಮ ಕೈಗೆ ಹತ್ತೋ ವಿದ್ಯೆ ಅಲ್ಲ," ಎಂದ ದಫೇದಾರ, ಮೇಜಿನ ಕೆಳಗೆ ಬಗ್ಗಿ ಕಾರ್ಡು ಹೆಕ್ಕುತ್ತ. ನಿವೃತ್ತಿಗೆ ಎಂಟೇ ತಿಂಗಳು ಉಳಿದಿದ್ದ ಆತನಿಗೆ ಬಗ್ಗುವುದೇ ಒಂದು ಶಿಕ್ಷೆ.

"ಇಸ್ಪೀಟಲ್ಲ ದಫೇದಾರ್ರೇ, ಟ್ಯಾರೋ. ಮುಂದೆ ಆಗೋದು ಹೇಳೋ ಕಾರ್ಡು."

"ಊರಿಗೆಲ್ಲ ಮುಂದಿನದು ಹೇಳಿದವಳಿಗೆ ಬಾಗಿಲಿಗೆ ಬಂದ ಯಮ ಕಾಣಿಸಲಿಲ್ಲ ನೋಡಿ."

ಇನ್ಸ್‌ಪೆಕ್ಟರ್ ನಗಲಿಲ್ಲ. ಇಲಾಖೆಯಲ್ಲಿ ಬೆನ್ನ ಹಿಂದೆ ಎಲ್ಲರೂ ಆಕೆಯನ್ನು ಸೂಜಿ ಎನ್ನುತ್ತಿದ್ದರು. ಮಾತಿನಲ್ಲಿ ಚುಚ್ಚುತ್ತಾಳೆ ಎನ್ನುವುದು ಒಂದು ಕಾರಣ, ಎಂಥ ಸಣ್ಣ ಸಂದಿಯಲ್ಲೂ ನುಗ್ಗುತ್ತಾಳೆ ಎನ್ನುವುದು ಇನ್ನೊಂದು. ನಾವೂ ಹಾಗೇ ಕರೆಯೋಣ. ಆಕೆಯ ಕಿವಿಗೆ ಬಿದ್ದರೆ ಆಗ ನೋಡಿಕೊಂಡರಾಯಿತು.

ಮೊನ್ನೆ ಸಂಜೆ ಐದೂಕಾಲಿಗೆ ಕೆಲಸದಿಂದ ಬಂದ ಮಗನಿಗೆ ಊರವರೆಲ್ಲ ಕಾರ್ಡಮ್ಮ ಎನ್ನುತ್ತಿದ್ದ ತಾಯಿ ಇದೇ ಕುರ್ಚಿಯಲ್ಲಿ ಹೆಣವಾಗಿ ಸಿಕ್ಕಿದ್ದಳು. ಯಾರೋ ಮುಖಕ್ಕೆ ದಿಂಬು ಒತ್ತಿದ್ದಾರೆ, ನಾಲ್ಕರಿಂದ ಐದರ ನಡುವೆ ಪ್ರಾಣ ಹೋಗಿದೆ ಎಂದರು ವೈದ್ಯರು. ಮೇಜಿನ ಮೇಲೆ ಹತ್ತು ಕಾರ್ಡು ಹರಡಿದ್ದವು. ಡೈರಿಯ ಅವತ್ತಿನ ಪುಟದಲ್ಲಿ ಮುದುಕಿಯ ಕೈಬರಹದಲ್ಲೇ "ನಾಲ್ಕು ಗಂಟೆ, ಸೊಸೆ" ಎಂದಿತ್ತು. ಅತ್ತೆ ಕಾರ್ಡು ಓದುತ್ತಿದ್ದಳು, ಏನೋ ಮಾತು ಬಂತು, ಸೊಸೆ ದಿಂಬೆತ್ತಿದಳು. ಮಗನೇ ಹೆಂಡತಿಯ ಕಡೆಗೆ ಬೆರಳು ತೋರಿಸಿದ ಮೇಲೆ ಮೇಲಿನ ಸಾಹೇಬರಿಗೆ ಬೇರೆ ಪುರಾವೆ ಬೇಕಾಗಲಿಲ್ಲ. "ಇವತ್ತು ಮೂರು ಗಂಟೆವರೆಗೆ ಟೈಮಿದೆ. ಅಷ್ಟರಲ್ಲಿ ಬೇರೆ ಏನೂ ಸಿಗದಿದ್ರೆ ಆ ಹುಡುಗೀನ ಒಳಗೆ ಹಾಕೋದೇ," ಎಂದು ಬೆಳಿಗ್ಗೆ ಹೇಳಿದ್ದರು.

ಆ ಹುಡುಗಿ ಈಗ ಠಾಣೆಯ ಬೆಂಚಿನ ಮೇಲೆ, ಎಂಟು ತಿಂಗಳ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಎರಡು ಬೀದಿ ಆಚೆ ಅವಳದೊಂದು ಹೊಲಿಗೆ ಅಂಗಡಿ. "ಅತ್ತೆ ಬಾ ಅಂದಿದ್ರು ಅಕ್ಕಾ. ಕೈತುಂಬ ಕೆಲಸ ಇತ್ತು, ಹೋಗಲಿಲ್ಲ. ಮೂರರಿಂದ ಐದರವರೆಗೂ ಮಷೀನು ಬಿಟ್ಟು ಎದ್ದಿಲ್ಲ," ಎಂದಿದ್ದಳು. ಅದಕ್ಕೆ ಸಾಕ್ಷಿ ಯಾರೂ ಇರಲಿಲ್ಲ. ಆದರೂ ಸೂಜಿ ನಂಬಿದ್ದಳು. ಹದಿನಾರು ವರ್ಷದ ನೌಕರಿಯಲ್ಲಿ ಕಣ್ಣು ನೋಡಿ ಯಾರನ್ನೂ ನಂಬದವಳು ಈ ಹುಡುಗಿಯನ್ನು ನಂಬಿಬಿಟ್ಟಿದ್ದಳು. ಹಾಗಾಗಿ ಒಳಗೊಳಗೇ ಹೆದರಿಕೆಯೂ ಇತ್ತು.

ಸೂಜಿ ಒಂದು ಕಾರ್ಡಿನ ಮೂಲೆಗೆ ಉಗುರು ಹಾಕಿ ಎಬ್ಬಿಸಿದಳು. ಸಣ್ಣಗೆ ಚರ್ ಎಂದು ಸದ್ದಾಗಿ ಅದು ಕೆಳಗಿನ ಕಾರ್ಡಿನಿಂದ ಬಿಟ್ಟುಕೊಂಡಿತು. ಅಂಚಿಗೆ ಬಳಿದಿದ್ದ ಹೊನ್ನಿನ ಬಣ್ಣ ಬೆರಳಿಗೆ ಅಂಟಿತು.

"ಅಂಚು ಅಂಚು ಅಂಟಿಕೊಂಡಿದೆ. ನೋಡಿ, ಕೋಲು ಒಂದು, ಕೋಲು ಎರಡು, ಮೂರು, ನಾಲ್ಕು. ಕೋಲೆಲ್ಲ ಮುಗಿದ ಮೇಲೆ ಬಟ್ಟಲು ಒಂದು, ಎರಡು. ಸಾಲು ತಪ್ಪಿಲ್ಲ. ಪ್ರೆಸ್ಸಿನಿಂದ ಬಂದ ಹಾಗೇ ಇದೆ."

"ಅಂದ್ರೆ?"

"ಅಂದ್ರೆ ಈ ಕಟ್ಟನ್ನ ಯಾರೂ ಒಂದು ಸಲಾನೂ ಬೆರೆಸಿಲ್ಲ. ಬೆರೆಸದೆ ಕಾರ್ಡು ಓದೋದು ಅಂದ್ರೆ ಒಲೆ ಹಚ್ಚದೆ ಅಡುಗೆ ಮಾಡಿದ ಹಾಗೆ."

ದಫೇದಾರ ಸೊಂಟ ಹಿಡಿದುಕೊಂಡು ಎದ್ದು, ಗಿರಾಕಿಗಳು ಕೂರುವ ಎದುರು ಕುರ್ಚಿಯಲ್ಲಿ ಕುಸಿದ. ಮೇಜಿನ ಮೇಲೆ ಆ ಹತ್ತು ಕಾರ್ಡುಗಳು ಮೊನ್ನೆ ಸಿಕ್ಕ ಹಾಗೇ ಇದ್ದವು. ಬೆರಳಚ್ಚಿನವರು ಬಂದು ತಮ್ಮ ಕೆಲಸ ಮುಗಿಸಿದ್ದರು. ವರದಿ ಬರಲು ಇನ್ನೂ ನಾಲ್ಕು ದಿನ.

"ಏನೇ ಹೇಳಿ, ಚಿತ್ರ ಮಾತ್ರ ಸೊಗಸಾಗಿದೆ. ಈ ರಾಣಿ ಮುಖದಲ್ಲಿ ಏನು ಕಳೆ!"

"ನಿಮಗೆ ಅವಳ ಮುಖ ಕಾಣ್ತಿದೆಯಾ?"

"ಕಾಣದೆ? ಎದುರಿಗೇ ಇದ್ದಾಳಲ್ಲ."

ಸೂಜಿಗೆ ಅವಳು ತಲೆ ಕೆಳಗೆ, ಕಾಲು ಮೇಲೆ ಕಾಣುತ್ತಿದ್ದಳು. ಸೂರ್ಯನೂ ಹಾಗೇ, ನಕ್ಷತ್ರವೂ ಹಾಗೇ. ಹತ್ತಕ್ಕೆ ಹತ್ತೂ ಎದುರು ಕುರ್ಚಿಗೆ ಮುಖ ಮಾಡಿದ್ದವು. ಕಾರ್ಡು ಓದುವವರು ತಮ್ಮ ಕಡೆಗೆ ಮುಖ ಮಾಡಿ ಹರಡುತ್ತಾರೆ, ಎದುರಿಗೆ ಕೂತವರ ಕಡೆಗಲ್ಲ. ಅದೂ ಅಲ್ಲದೆ ಹತ್ತರಲ್ಲಿ ಒಂದಾದರೂ ಕೆಟ್ಟ ಕಾರ್ಡು ಬೇಡವೇ? ಕತ್ತಿ ಇಲ್ಲ, ಉರುಳುವ ಗೋಪುರ ಇಲ್ಲ, ಸಾವು ಇಲ್ಲ. ಎಲ್ಲವೂ ಚಂದ, ಎಲ್ಲವೂ ಶುಭ. ಇವನ್ನು ಯಾರೂ ಎಳೆದದ್ದಲ್ಲ, ಆರಿಸಿ ಇಟ್ಟದ್ದು.

ಸೂಜಿ ಮೇಜಿನ ಖಾನೆ ಎಳೆದಳು. ಬಟ್ಟೆಯ ಚೀಲದಲ್ಲಿ ಇನ್ನೊಂದು ಕಟ್ಟಿತ್ತು. ಸವೆದು ಸವೆದು ಹಳೇ ಹತ್ತಿಬಟ್ಟೆಯಷ್ಟು ಮೆತ್ತಗಾಗಿತ್ತು. ಸುತ್ತಲಿನ ಬಿಳಿ ಅಂಚನ್ನು ಮುದುಕಿ ಕತ್ತರಿಯಿಂದ ಕತ್ತರಿಸಿ ಕಾರ್ಡನ್ನು ತನ್ನ ಅಂಗೈ ಅಳತೆಗೆ ತಂದುಕೊಂಡಿದ್ದಳು. ಅಚ್ಚಿನ ಸಣ್ಣ ಅಂಕಿ ಕಾಣದೆಂದು ಮೇಲೆ ದಪ್ಪ ಕಪ್ಪು ಮಸಿಯಲ್ಲಿ ಬರೆದುಕೊಂಡಿದ್ದಳು. ಸಂಧಿವಾತದಿಂದ ಸೊಟ್ಟಗಾದ ಬೆರಳಿನವಳು, ನಲವತ್ತು ವರ್ಷ ಇದೊಂದೇ ಕಟ್ಟಿನಲ್ಲಿ ಜನರ ಕಷ್ಟ ಸುಖ ಓದಿದವಳು, ಸ್ವಂತ ಸೊಸೆಗೆ ಓದುವಾಗ ಇದನ್ನು ಖಾನೆಯಲ್ಲಿಟ್ಟು ಆ ಹಲಗೆಗಳನ್ನು ಕೈಗೆತ್ತಿಕೊಂಡಳೇ?

"ಹೊಸ ಕಟ್ಟು ಯಾವ ಪ್ರೆಸ್ಸಿಂದು?"

"ಹಳೇ ಸೇತುವೆ ಹತ್ರ ಇದೆಯಲ್ಲ, ಅದು. ಯಜಮಾನನ್ನ ನಿನ್ನೆ ನಾನೇ ವಿಚಾರಿಸಿದೆ. ಎರಡು ತಿಂಗಳ ಹಿಂದೆ ಕಾಣಿಕೆಯಾಗಿ ಕೊಟ್ಟೆ, ಮೊನ್ನೆ ಆ ಕಡೆ ತಲೇನೂ ಹಾಕಿಲ್ಲ ಅಂದ."

"ಎರಡು ತಿಂಗಳಾದ ಕಟ್ಟಿನ ಬಣ್ಣ ಹೀಗೆ ಬೆರಳಿಗೆ ಹತ್ತುತ್ತಾ?" ಸೂಜಿ ತೋರುಬೆರಳು ಎತ್ತಿ ತೋರಿಸಿದಳು. "ನಡೀರಿ. ನೀವು ಹೊರಗೇ ನಿಂತಿರಿ. ನಾನು ಕಾರ್ಡು ಕೊಳ್ಳೋಕೆ ಬಂದವಳು."

*

ಪ್ರೆಸ್ಸಿನೊಳಗೆ ಮಸಿಯ ವಾಸನೆ, ಬಿಸಿಯಾದ ಯಂತ್ರದ ವಾಸನೆ. ಒಂದು ಮೂಲೆಯಲ್ಲಿ ಇನ್ನೂ ಕತ್ತರಿಸದ ಹಾಳೆಗಳು ಪೇರಿಸಿದ್ದವು; ಒಂದೊಂದು ಹಾಳೆಯಲ್ಲೂ ಒಂಬತ್ತು ಚಿತ್ರ. ಯಜಮಾನ ಕಾರ್ಡಿನ ಮೂಲೆ ದುಂಡಗೆ ಮಾಡುವ ಸಣ್ಣ ಯಂತ್ರದ ಮುಂದೆ ಕೂತು, ಹಿಡಿಕೆ ಒತ್ತಿ ಒತ್ತಿ ಕಾರ್ಡುಗಳ ಚೂಪು ಮುರಿಯುತ್ತಿದ್ದ. ಐವತ್ತೈದರ ಆಸುಪಾಸು, ಮೂಗಿನ ತುದಿಯಲ್ಲಿ ಕನ್ನಡಕ.

"ಹೊಸದಾಗಿ ಕಲೀತಿದ್ದೀನಿ," ಎಂದಳು ಸೂಜಿ. "ಓದೋಕೆ ಸುಲಭವಾಗಿರೋ ಕಟ್ಟು ಯಾವುದು ಅಂತ ಗೊತ್ತಾಗ್ತಿಲ್ಲ. ಅಂಗಡೀಲಿ ನೋಡಿದ್ರೆ ನೂರೆಂಟು ತರ ಇದೆ."

ಕಸುಬಿನವನಿಗೆ ಕಸುಬಿನ ಮಾತು ತೆಗೆದರೆ ಮುಗಿಯಿತು. ಯಜಮಾನ ಹಿಡಿಕೆ ಬಿಟ್ಟು ಅವಳಿಗೊಂದು ಸ್ಟೂಲು ಎಳೆದ.

"ಕೂತ್ಕೊಳ್ಳಿ. ಚಂದ ನೋಡಿ ಕೊಳ್ಳಬೇಡಿ, ಮೊದಲೇ ಹೇಳ್ತೀನಿ. ಚಿತ್ರ ತಾನೇ ಮಾತಾಡ್ಬೇಕು. ಬಟ್ಟಲು ಐದು ಅಂತ ಬರೀ ಐದು ಬಟ್ಟಲು ಬರೆದ್ರೆ ಹೊಸಬರು ಏನು ಹೇಳ್ತಾರೆ? ಪುಸ್ತಕ ತೆಗೀಬೇಕು. ಅದೇ, ಮೂರು ಬಟ್ಟಲು ಮಗುಚಿ ಬಿದ್ದಿವೆ, ಒಬ್ಬ ಅದನ್ನೇ ನೋಡ್ತಾ ತಲೆ ತಗ್ಗಿಸಿ ನಿಂತಿದ್ದಾನೆ, ಬೆನ್ನ ಹಿಂದೆ ಎರಡು ನೆಟ್ಟಗಿರೋದು ಅವನಿಗೆ ಕಾಣ್ತಿಲ್ಲ ಅಂತ ಬರೆದಿದ್ರೆ? ನೋಡಿದ ಕೂಡಲೇ ಅಯ್ಯೋ ಪಾಪ ಅನ್ನಿಸುತ್ತೆ. ಆಮೇಲೆ ಬಾಯಿಗೆ ಮಾತು ತಾನಾಗೇ ಬರುತ್ತೆ."

"ಕಟ್ಟಿನ ಎಪ್ಪತ್ತೆಂಟು ಕಾರ್ಡಿಗೂ ಹೀಗೇ ಇರಬೇಕಾ?"

"ಎಲ್ಲಕ್ಕೂ. ಬರೀ ರಾಜ ರಾಣಿಗೆ ಶೃಂಗಾರ ಮಾಡಿ, ಉಳಿದವರನ್ನ ಬೀದಿಗೆ ಬಿಟ್ರೆ ಆಗಲ್ಲ. ಆಮೇಲೆ ಕೈ. ಎಲ್ಲಿ, ನಿಮ್ಮ ಅಂಗೈ ತೋರಿಸಿ? ಸಣ್ಣದು. ನಿಮಗೆ ದೊಡ್ಡ ಕಾರ್ಡು ಬೇಡ, ಬೆರೆಸೋಕೆ ಆಗಲ್ಲ. ಕಾಗದ ದಪ್ಪ ಇದ್ರೆ ಬಗ್ಗಲ್ಲ, ಹೊಳಪು ಜಾಸ್ತಿ ಇದ್ರೆ ಜಾರುತ್ತೆ, ದೀಪ ಬಿದ್ರೆ ಕಣ್ಣಿಗೆ ಹೊಡೆಯುತ್ತೆ. ಬೆನ್ನಿನ ಚಿತ್ರ ಮೇಲಿಂದ ನೋಡಿದ್ರೂ ಕೆಳಗಿಂದ ನೋಡಿದ್ರೂ ಒಂದೇ ತರ ಇರ್ಬೇಕು. ಇಲ್ಲಾಂದ್ರೆ ಕಾರ್ಡು ತಲೆಕೆಳಗಾಗಿದೆ ಅನ್ನೋದು ತಿರುಗಿಸೋ ಮುಂಚೇನೇ ಗೊತ್ತಾಗಿಬಿಡುತ್ತೆ. ಕಳ್ಳಾಟ ಅದು."

"ಇಷ್ಟೆಲ್ಲ ಎಲ್ಲಿ ಕಲಿತ್ರಿ?"

ಅವನು ಕನ್ನಡಕ ಮೇಲಕ್ಕೆ ತಳ್ಳಿದ. "ಒಬ್ಬರು ಹಿರಿಯರು ಹೇಳಿಕೊಟ್ರು. ಬೈದು ಹೇಳಿಕೊಟ್ರು."

ಸೂಜಿ ಕೈಚೀಲದಿಂದ ಹೊಸ ಕಟ್ಟಿನ ಒಂದು ಕಾರ್ಡು ತೆಗೆದು ಮೇಜಿನ ಮೇಲಿಟ್ಟಳು. ಬಟ್ಟಲು ಐದು. ಗಾಢ ನೀಲಿಯ ಮೇಲೆ ಬರೀ ಐದು ಬಟ್ಟಲು. ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರ. ಬೆನ್ನ ಮೇಲೆ ಒಂದೇ ಒಂದು ಕೊಕ್ಕರೆ, ಕತ್ತು ಮೇಲೆ, ಕಾಲು ಕೆಳಗೆ.

"ಹಾಗಾದ್ರೆ ಇಂಥದ್ದನ್ನ ಯಾಕೆ ಮಾಡಿದ್ರಿ?"

ಯಜಮಾನನ ಕೈ ಯಂತ್ರದ ಹಿಡಿಕೆಗೆ ಹೋಯಿತು. ಒತ್ತಲಿಲ್ಲ, ಸುಮ್ಮನೆ ಹಿಡಿದುಕೊಂಡ.

"ನೀವು ಯಾರು?"

ಸೂಜಿ ಗುರುತಿನ ಚೀಟಿ ತೋರಿಸಿದಳು. ಬಾಗಿಲಲ್ಲಿ ದಫೇದಾರ ಕಾಣಿಸಿಕೊಂಡ.

"ನಿನ್ನೆನೇ ಎಲ್ಲಾ ಹೇಳಿದ್ದೀನಲ್ಲ. ಕಾಣಿಕೆ ಕೊಟ್ಟಿದ್ದೆ. ಅವರಿಗೆ ಇಷ್ಟ ಆಗಿತ್ತು. ಅದಕ್ಕೇ ಓದ್ತಿದ್ರು."

"ಈಗ ತಾನೇ ನೀವೇ ಹೇಳಿದ್ರಲ್ಲ ಯಜಮಾನ್ರೇ. ಕೈ ಸಣ್ಣದಾದ್ರೆ ದೊಡ್ಡದು ಬೇಡ, ಜಾರೋದು ಬೇಡ, ಬೆನ್ನಿಗೆ ತಲೆ ಕಾಲು ಇರೋದು ಬೇಡ. ಬೆರಳು ಮಡಚೋಕಾಗದ ಎಪ್ಪತ್ತು ವರ್ಷದವರು ಇದನ್ನ ಇಷ್ಟಪಟ್ರಾ? ನಾನು ಇವತ್ತು ಮೂರು ಸಲ ನೆಲಕ್ಕೆ ಬೀಳಿಸಿದೆ."

"ಒಬ್ಬೊಬ್ಬರ ಅಭಿರುಚಿ."

"ಅಂಚು ಇನ್ನೂ ಬಿಟ್ಟಿಲ್ಲ. ಒಂದು ಸಲಾನೂ ಬೆರೆಸಿಲ್ಲ. ಹರಡಿದ್ದ ಹತ್ತೂ ಕಾರ್ಡು ಆರಿಸಿದ್ದು. ಅದೂ ಎದುರು ಕುರ್ಚಿ ಕಡೆಗೆ ಮುಖ. ಅವರಲ್ಲ ಹರಡಿದ್ದು, ಯಾರೋ ಎದುರಿಗೆ ನಿಂತು ಹರಡಿದ್ದಾರೆ. ಯಾರ್ದೋ ಬೆರಳಿಗೆ ಬಣ್ಣ ಹತ್ತಿರಬೇಕು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಯಜಮಾನ ತನ್ನ ಬೆರಳು ನೋಡಿಕೊಂಡ. ಪ್ರೆಸ್ಸಿನವನ ಬೆರಳಿಗೆ ದಿನವೂ ಬಣ್ಣ ಹತ್ತುತ್ತದೆ, ನೋಡಿಕೊಳ್ಳುವ ಅಗತ್ಯವೇ ಇರಲಿಲ್ಲ. ಆದರೂ ನೋಡಿಕೊಂಡ.

"ಠಾಣೇಲಿ ಒಬ್ಬ ಹುಡುಗಿ ಕೂಸಿನ ಜೊತೆ ಕೂತಿದ್ದಾಳೆ," ಎಂದಳು ಸೂಜಿ, ದನಿ ತಗ್ಗಿಸಿ. "ಆ ಹತ್ತು ಕಾರ್ಡು ನೋಡಿ, ಅತ್ತೆ ಅವಳಿಗೇ ಓದ್ತಿದ್ರು ಅಂತ ಅವಳ ಮೇಲೆ ಕೊಲೆ ಹೊರಿಸ್ತಿದ್ದಾರೆ. ಮೂರು ಗಂಟೆಗೆ ಒಳಗೆ ಹಾಕ್ತಾರೆ. ಆಗಲೇ ಎರಡೂಕಾಲು. ನೀವು ಬಾಯಿ ಬಿಡದಿದ್ರೆ ಆ ಪಾಪ ನಿಮ್ಮ ತಲೆಗೆ."

ಯಜಮಾನ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ನಾನೇ," ಎಂದ. "ನಾನೇ ಹರಡಿದ್ದು. ಮೊನ್ನೆ, ನಾಲ್ಕು ಗಂಟೆಗೆ."

ಸೂಜಿಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಖುಷಿಯಾಯಿತು, ಮುಚ್ಚಿಡುವುದೇಕೆ, ಕುಣಿಯುವಷ್ಟು ಖುಷಿಯಾಯಿತು. ಹಿಂದೆ ತಿರುಗಿ, "ದಫೇದಾರ್ರೇ, ಕೇಳಿಸ್ತಲ್ಲ? ಸಾಹೇಬರಿಗೆ ಫೋನ್ ಮಾಡಿ. ಅತ್ತೆ ಸೊಸೆಗೆ ಕಾರ್ಡು ಓದಲೇ ಇಲ್ಲ, ಹರಡಿದವನು ಸಿಕ್ಕಿದ್ದಾನೆ, ಒಪ್ಪಿಕೊಂಡಿದ್ದಾನೆ ಅನ್ನಿ. ಆ ಹುಡುಗೀನ ಮನೆಗೆ ಕಳಿಸೋಕೆ ಹೇಳಿ," ಎಂದಳು. ದಫೇದಾರ ಫೋನು ಕಿವಿಗಿಟ್ಟುಕೊಂಡು ಬೀದಿಗಿಳಿದ.

"ನಾನು ಕೊಂದಿಲ್ಲ ಮೇಡಂ," ಎಂದ ಯಜಮಾನ.

"ಎಲ್ಲರೂ ಹಾಗೇ ಅಂತಾರೆ. ಯಾಕೆ ಹರಡಿದ್ರಿ?"

"ಫೋಟೋಗೆ." ಅವನು ಗೋಡೆಯ ಕಡೆ ಕೈ ತೋರಿಸಿದ. ಕೊಕ್ಕರೆ ಚಿತ್ರದ ಡಬ್ಬಿಗಳು ಮಾಡಿನವರೆಗೂ ಪೇರಿಸಿದ್ದವು. "ಒಂದೂ ಖರ್ಚಾಗಿಲ್ಲ. ಕಾರ್ಡಮ್ಮ ಈ ಕಟ್ಟಿನ ಮುಂದೆ ಕೂತಿರೋ ಒಂದು ಫೋಟೋ ಇದ್ರೆ ಜನ ಕೊಳ್ತಾರೆ ಅಂತ ಕಾಲಿಗೆ ಬಿದ್ದೆ. ಮೊನ್ನೆ ಹೊಸ ಡಬ್ಬಿ ಒಡೆದೆ. ಅವರು ಕೈಗೆ ತಗೊಂಡು ಒಂದೊಂದೇ ತಪ್ಪು ಎಣಿಸಿದ್ರು. ಈಗ ನಿಮಗೆ ಹೇಳಿದ್ನಲ್ಲ, ಅಷ್ಟೂ ಅವರ ಮಾತೇ. ಆಮೇಲೆ, ಹೋಗಲಿ ಮಾರಾಯ, ಫೋಟೋಗೆ ಕೂರ್ತೀನಿ, ಚೆನ್ನಾಗಿದೆ ಅಂತ ಮಾತ್ರ ಹೇಳಿಸ್ಬೇಡ ಅಂದ್ರು. ಕ್ಯಾಮೆರಾಗೆ ನೆಟ್ಟಗೆ ಕಾಣ್ಲಿ ಅಂತ ಚೆನ್ನಾಗಿರೋ ಹತ್ತು ಆರಿಸಿ ನನ್ನ ಕಡೆಗೆ ತಿರುಗಿಸಿ ಇಟ್ಟೆ. ತೆಗೆದು ಹೊರಟೆ. ಕಟ್ಟು ಇಲ್ಲೇ ಇರ್ಲಿ, ನಾಳೆ ತಗೊಂಡು ಹೋಗು ಅಂದ್ರು."

ಸುಳ್ಳಾದರೆ ಬಲು ಅಚ್ಚುಕಟ್ಟಾದ ಸುಳ್ಳು. ಸೂಜಿ ಕೈ ಚಾಚಿದಳು. "ಫೋಟೋ?"

ಅವನು ಕೊಡಲಿಲ್ಲ. ಫೋನನ್ನು ಅಂಗಿಯ ಜೇಬಿನ ಮೇಲಿಂದಲೇ ಒತ್ತಿ ಹಿಡಿದುಕೊಂಡ.

"ನಿಮ್ಮ ಜೀವ ಉಳಿಸೋ ಪುರಾವೆ ಅದು. ನಿನ್ನೆನೇ ದಫೇದಾರರ ಮುಖಕ್ಕೆ ಹಿಡೀಬೇಕಿತ್ತು. ಯಾಕೆ ಮುಚ್ಚಿಟ್ರಿ?"

"ನೋಡಬೇಡಿ ಮೇಡಂ. ನನ್ನನ್ನೇ ಕರ್ಕೊಂಡು ಹೋಗಿ."

ಅನುಮಾನದ ಮನುಷ್ಯ ಈಗ ಇನ್ನಷ್ಟು ಅನುಮಾನ ಹುಟ್ಟಿಸಿದ. ಸೂಜಿ ಎದ್ದು ಅವನ ಜೇಬಿಗೆ ತಾನೇ ಕೈ ಹಾಕಿದಳು. ಅವನು ತಡೆಯಲಿಲ್ಲ.

ಚಿತ್ರದಲ್ಲಿ ಕಾರ್ಡಮ್ಮ ಜೀವಂತವಾಗಿದ್ದಳು. ಬಲವಂತಕ್ಕೆ ಕೂತ ಮುಖ, ಬಿಗಿದ ತುಟಿ, ಮುಂದೆ ಹತ್ತು ಕಾರ್ಡು ನೆಟ್ಟಗೆ. ಮೇಲೆ ಸಮಯ: ನಾಲ್ಕು ಗಂಟೆ ಹತ್ತು ನಿಮಿಷ. ಅವನು ಹೇಳಿದ್ದೆಲ್ಲ ನಿಜ.

ಚಿತ್ರದ ಎಡ ಅಂಚಿನಲ್ಲಿ ಬಿಳಿ ಬಟ್ಟೆಯೊಂದನ್ನು ಎರಡು ಕೈ ಎತ್ತಿ ಹಿಡಿದಿದ್ದವು, ಕಿಟಕಿಯ ಬೆಳಕು ಅದಕ್ಕೆ ತಾಗಿ ಮುದುಕಿಯ ಮುಖಕ್ಕೆ ಬೀಳುವ ಹಾಗೆ. ಬಟ್ಟೆಯ ಮೇಲಿಂದ ಅರ್ಧ ಮುಖ ಇಣುಕುತ್ತಿತ್ತು. ನಗುತ್ತಿತ್ತು.

ಸೊಸೆ.

ಸೂಜಿ ಚಿತ್ರವನ್ನು ದೊಡ್ಡದು ಮಾಡಿ ನೋಡಿದಳು. ಮತ್ತೆ ನೋಡಿದಳು. ಮಷೀನು ಬಿಟ್ಟು ಎದ್ದಿಲ್ಲ ಅಕ್ಕಾ, ಎಂದಿದ್ದಳಲ್ಲ.

"ಬೆಳಕು ಸಾಲದು ಅಂತ ಅತ್ತೆಯೇ ಅವಳನ್ನ ನಾಲ್ಕಕ್ಕೆ ಬರಹೇಳಿದ್ರು," ಎಂದ ಯಜಮಾನ. ದನಿ ಸೋತಿತ್ತು. "ನನ್ನ ಕಟ್ಟುಗಳಿಗೆಲ್ಲ ಬಟ್ಟೆ ಚೀಲ ಹೊಲಿಯೋಳು ಅವಳೇ. ಚಿಕ್ಕಪ್ಪ ಚಿಕ್ಕಪ್ಪ ಅಂತ ಮಗಳ ಹಾಗೆ ಓಡಾಡ್ಕೊಂಡಿದ್ದೋಳು. ಅವಳು ಕೊಂದಿರಲ್ಲ ಮೇಡಂ. ಫೋಟೋ ತೋರಿಸಿದ್ರೆ ನೀವು ಬಿಡ್ತಿದ್ರಾ?"

"ನೀವು ಹೊರಟಾಗ ಅಲ್ಲಿ ಯಾರು ಯಾರಿದ್ರು?"

"ಅತ್ತೆ, ಸೊಸೆ. ಇಬ್ಬರೇ."

ಹುಡುಗಿ ಹೆದರಿ ಸುಳ್ಳು ಹೇಳಿರಬೇಕು, ಎಂದುಕೊಂಡಳು ಸೂಜಿ. ಹೆಣ ಸಿಕ್ಕ ಮೇಲೆ, ಗಂಡನೇ ಬೆರಳು ತೋರಿಸಿದ ಮೇಲೆ, ಪೊಲೀಸರು ಮನೆ ತುಂಬಿದ ಮೇಲೆ ಯಾವ ಹೆಣ್ಣಿಗೆ ಹೆದರಿಕೆ ಆಗುವುದಿಲ್ಲ? ಆ ಮಾತನ್ನು ಹಿಡಿದುಕೊಂಡೇ ಕೇಳಿದಳು.

"ಮುಚ್ಚಿಡಿ ಅಂತ ಅವಳೇ ಹೇಳಿದ್ಲಾ?"

"ಫೋನ್ ಮಾಡಿದ್ಲು. ಚಿಕ್ಕಪ್ಪಾ, ನಾನು ಅಲ್ಲಿಗೆ ಬಂದಿದ್ದೆ ಅಂತ ಯಾರು ಕೇಳಿದ್ರೂ ಹೇಳ್ಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ ಅಂದ್ಲು. ಅಳ್ತಿದ್ಲು."

"ಯಾವಾಗ? ಠಾಣೆಗೆ ಕರೆಸಿದ ಮೇಲಾ?"

ಯಜಮಾನ ಹತ್ತಿರ ಬಂದ. ಸೂಜಿಯ ಕೈಯಲ್ಲಿದ್ದ ಫೋನಿನಲ್ಲೇ ಕರೆಗಳ ಪಟ್ಟಿ ತೆರೆದು, ಮೊನ್ನೆಯ ದಿನಕ್ಕೆ ಸರಿಸಿ, ಒಂದು ಸಾಲಿನ ಮೇಲೆ ಬೆರಳಿಟ್ಟ.

ನಾಲ್ಕು ಗಂಟೆ ಮೂವತ್ತೈದು ನಿಮಿಷ.

ಮಗ ಬಾಗಿಲು ತೆರೆದು ಹೆಣ ಕಂಡದ್ದು ಐದೂಕಾಲಿಗೆ. ನಾಲ್ಕು ಮೂವತ್ತೈದಕ್ಕೆ ಅತ್ತೆ ಸತ್ತಿದ್ದಾಳೆಂದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಒಬ್ಬರಿಗೆ ಮಾತ್ರ ಗೊತ್ತಿರಬೇಕಿತ್ತು.

"ದಫೇದಾರ್ರೇ!" ಸೂಜಿ ಬಾಗಿಲಿಗೆ ಓಡಿದಳು. "ಫೋನ್ ಮಾಡಬೇಡಿ, ತಡೀರಿ!"

ದಫೇದಾರ ಆಗಲೇ ಮೆಟ್ಟಿಲು ಹತ್ತುತ್ತಿದ್ದ. ಎಷ್ಟೋ ವರ್ಷದ ಮೇಲೆ ಒಂದು ಒಳ್ಳೆಯ ಕೆಲಸ ಕೈಯಾರೆ ಮಾಡಿದ ಸಂತೋಷ ಆತನ ಮುಖದ ತುಂಬ ಇತ್ತು.

"ಸಾಹೇಬ್ರು ಒಂದೇ ಮಾತಿಗೆ ಒಪ್ಪಿದ್ರು ಮೇಡಂ. ಬಿಟ್ಟೂಬಿಟ್ರಂತೆ, ಠಾಣೆಗೆ ಮಾಡಿ ಕೇಳಿದೆ. ಆ ಹುಡುಗಿ ನಿಮಗೆ ಕೈಮುಗಿದೆ ಅಂತ ಹೇಳಿ ಹೋದ್ಲಂತೆ. ಠಾಣೆ ಮುಂದೇನೇ ಟ್ಯಾಕ್ಸಿ ಹತ್ತಿದ್ಲಂತೆ, ಆದ್ರೆ ಮನೆ ಕಡೆಗಲ್ಲ, ಬಸ್ ನಿಲ್ದಾಣಕ್ಕೆ." ಆತ ಏದುಸಿರು ಬಿಡುತ್ತ ಕೊನೆಯ ಮೆಟ್ಟಿಲ ಮೇಲೆ ನಿಂತ. "ಒಂದೇ ಸೋಜಿಗ ನೋಡಿ. ಕೂಸನ್ನ ಬೆಂಚಿನ ಮೇಲೇ ಬಿಟ್ಟು ಹೋಗಿದ್ದಾಳೆ."